‘ಫೈನೈಟ್’ ಎಂದರೆ ಕಡಿಮೆ ಎಂದಲ್ಲ

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ವಿದ್ಯಾರ್ಥಿಗೆ ಗಣಿತದ ಮೊದಲ ಅಧ್ಯಾಯ ಗಣಗಳು. ಅಲ್ಲಿಯೇ ‘ಫೈನೈಟ್’ ಎಂಬ ಇಂಗ್ಲಿಷ್ ಗುಣವಾಚಕ ಎದುರಾಗುತ್ತದೆ. ಕನ್ನಡದಲ್ಲಿ ಇದು ‘ಪರಿಮಿತ’. ಆದರೆ ಮಿತವ್ಯಯ, ಮಿತಾಹಾರ ಎಂಬ ಮಾತುಗಳನ್ನು ಕೇಳಿ ಬೆಳೆದ ಮಕ್ಕಳಿಗೆ ‘ಮಿತ’ ಎಂದರೆ ಕಡಿಮೆ. ಈ ಭಾವನೆಯನ್ನು ಪ್ರೌಢಶಾಲೆಯಲ್ಲಿಯೇ ತಿದ್ದದಿದ್ದರೆ ಮುಂದೆ ಭಾಷೆ, ಗಣಿತ ಎರಡೂ ಒಟ್ಟಿಗೆ ಕಷ್ಟವಾಗುತ್ತವೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿಗೆ ಪಾಠ ಯೋಜನೆ ಬರೆಯುವಾಗ ನಾನು ಈ ಪದವನ್ನು ಬಿಡಿಸಿಕೊಂಡ ಕ್ರಮ ಹೀಗಿದೆ.

ಮೂಲ: ಲ್ಯಾಟಿನ್ನಿನ ‘ಫಿನಿಸ್’ ಎಂದರೆ ಕೊನೆ, ಎಲ್ಲೆ. ಫಿನಿಶ್, ಫೈನಲ್ ಇದೇ ಬೇರಿನವು. ಮಕ್ಕಳಿಗೆ ‘ಫೈನಲ್ ಮ್ಯಾಚ್’ ಗೊತ್ತಿರುವುದರಿಂದ ಅಲ್ಲಿಂದಲೇ ಆರಂಭಿಸಬಹುದು.

ಗಣಿತದಲ್ಲಿ: 1000ಕ್ಕಿಂತ ಕಡಿಮೆ ಇರುವ 7ರ ಗುಣಕಗಳು 7, 14, 21, ..., 994. ಒಟ್ಟು 142 ಪದಗಳು, ಇದು ಫೈನೈಟ್. 1000ದ ಬದಲು ಒಂದು ಕೋಟಿ ಎಂದರೂ ಫೈನೈಟ್ ಆಗಿಯೇ ಇರುತ್ತದೆ. ಎಣಿಕೆ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ, ಮುಗಿಯುತ್ತದೆಯೇ ಎಂಬುದು ಮುಖ್ಯ. ಇನ್ನೊಂದೆಡೆ 1/2, 1/3, 1/4, ... ಎಂಬ ಸಂಖ್ಯೆಗಳೆಲ್ಲ 0 ಮತ್ತು 1ರ ನಡುವೆಯೇ ಇವೆ. ಆದರೂ ಅವು ಮುಗಿಯುವುದಿಲ್ಲ. ಎರಡೂ ಕಡೆ ಗಡಿ ಇದ್ದ ಮಾತ್ರಕ್ಕೆ ಎಣಿಕೆ ಫೈನೈಟ್ ಆಗದು.

ವ್ಯಾಕರಣದಲ್ಲಿ: ಇಂಗ್ಲಿಷ್ ತರಗತಿಯ ‘ಫೈನೈಟ್ ವರ್ಬ್’ ಕೂಡ ಇದೇ ಪದ. ಅದು ಕರ್ತೃ ಮತ್ತು ಕಾಲದ ಎಲ್ಲೆಯೊಳಗಿನ ಕ್ರಿಯಾಪದ: ‘ಶೀ ಗೋಸ್’, ‘ದೇ ಗೋ’. ‘ಟು ಗೋ’ ಹಾಗಲ್ಲ. ಕನ್ನಡದಲ್ಲಿ ‘ಬಂದಳು’ ಎಂದರೆ ಯಾರು, ಯಾವಾಗ ಎಂಬುದು ತಿಳಿದು ವಾಕ್ಯ ಮುಗಿಯುತ್ತದೆ. ‘ಬಂದು’ ಎಂದರೆ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ.

ಬಳಕೆಯಲ್ಲಿ: ‘ಲಿಮಿಟೆಡ್’ ಪದಕ್ಕೆ ‘ವೆರಿ’ ಸೇರಿಸಿ ‘ವೆರಿ ಲಿಮಿಟೆಡ್ ಟೈಮ್’ ಎನ್ನಬಹುದು, ಅಲ್ಲಿ ಸಮಯ ಬಹಳ ಕಡಿಮೆ ಎಂಬ ಅರ್ಥವಿದೆ. ‘ವೆರಿ ಫೈನೈಟ್’ ಎನ್ನುವ ರೂಢಿಯಿಲ್ಲ. ಒಂದು ವಸ್ತುವಿಗೆ ಕೊನೆ ಇರುತ್ತದೆ ಅಥವಾ ಇರುವುದಿಲ್ಲ. ಕಲ್ಲಿದ್ದಲು, ಪೆಟ್ರೋಲಿಯಂ ಫೈನೈಟ್ ಸಂಪನ್ಮೂಲಗಳು ಎಂದಾಗ ಅವು ಇಂದು ಸ್ವಲ್ಪವೇ ಇವೆ ಎಂದಲ್ಲ, ಬಳಸುತ್ತಾ ಹೋದರೆ ಮುಗಿಯುತ್ತವೆ ಎಂದರ್ಥ.

ಉಚ್ಚಾರ: ‘ಫೈನೈಟ್’ ಸರಿ. ಆದರೆ ಅದರ ವಿರುದ್ಧ ಪದ ‘ಇನ್‌ಫೈನೈಟ್’ ಅಲ್ಲ, ‘ಇನ್‌ಫಿನಿಟ್’. ಒತ್ತು ‘ಇನ್’ ಮೇಲೆ. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ಹೇಳಿಸುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು ಸಾಕು: ಶಾಲಾ ಮೈದಾನದ ಮರಳಿನ ಕಣಗಳು ಫೈನೈಟೇ? ಸಮಸಂಖ್ಯೆಗಳು? ಒಂದು ಸೆಂಟಿಮೀಟರ್ ಗೆರೆಯ ಮೇಲಿನ ಬಿಂದುಗಳು? ಮೊದಲನೆಯದಕ್ಕೆ ಹೌದು, ಉಳಿದೆರಡಕ್ಕೆ ಅಲ್ಲ ಎಂದು ಕಾರಣ ಸಹಿತ ಹೇಳಬಲ್ಲ ಮಗುವಿಗೆ ಪಿಯುಸಿಯ ಮೊದಲ ಅಧ್ಯಾಯದಲ್ಲಿ ಈ ಪದ ಅಡ್ಡಿಯಾಗದು.