ಕೆರೆ ನೀರು ಕುಟ್ಟಿದ ಉಕ್ಕು

ನೀರು ಕಬ್ಬಿಣ ಕುಟ್ಟೀತೇ? ಕುಟ್ಟಿತ್ತು, ಅದೂ ನೂರಾರು ವರ್ಷ! ಇಂಗ್ಲೆಂಡಿನ ಶೆಫೀಲ್ಡ್ ಎಂದರೆ ಚಾಕು-ಚೂರಿಗೆ ಹೆಸರಾದ ಊರು. ಹಬೆ ಯಂತ್ರ ಬರುವ ಮುಂಚೆ ಅಲ್ಲಿನ ಸುತ್ತಿಗೆ ಎತ್ತುತ್ತಿದ್ದುದು ಡಾನ್, ಶೀಫ್, ಪೋರ್ಟರ್, ಲಾಕ್ಸ್ಲಿ, ರಿವೆಲಿನ್ ಎಂಬ ಐದು ಹೊಳೆಗಳು.

ಶೀಫ್ ಹೊಳೆ ಪಕ್ಕದ ಆಬಿಡೇಲ್ ಕಾರ್ಖಾನೆಯನ್ನೇ ನೋಡಿ. ಹೊಳೆ ನೀರು ತಿರುಗಿಸಿ ಕೆರೆ ಕಟ್ಟಿದರು. 1777ರಲ್ಲಿ ಅದನ್ನು ದೊಡ್ಡದು ಮಾಡಿದರು. ತೂಬು ಎತ್ತಿದರೆ ಸಾಕು, ಚಕ್ರ ತಿರುಗೋದು. ಒಟ್ಟು ನಾಲ್ಕು ಚಕ್ರ. ಒಂದು ಸುತ್ತಿಗೆಗೆ, ಒಂದು ಕುಲುಮೆಗೆ ಗಾಳಿ ಊದಲು, ಒಂದು ಸಾಣೆಕಲ್ಲಿಗೆ, ಇನ್ನೊಂದು ತೂತು ಕೊರೆಯಲು. ಎರಡು ಕಬ್ಬಿಣದ ನಡುವೆ ಉಕ್ಕಿಟ್ಟು ಕುಟ್ಟಿ, ಹುಲ್ಲು ಕೊಯ್ಯುವ ಉದ್ದ ಹಿಡಿಯ ಕುಡುಗೋಲು ಮಾಡುತ್ತಿದ್ದರು. 1829ರಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ಕುಲುಮೆಯೂ ಬಂತು.

ಮೂಸೆ ಉಕ್ಕು ನಮ್ಮವರಿಗೇನು ಹೊಸದಲ್ಲ. ಹಳೇ ಮೈಸೂರು ಸೀಮೆಯ ಕುಲುಮೆಗಳಲ್ಲಿ ಅದು ಆಗುತ್ತಿದ್ದುದನ್ನು 1800-01ರಲ್ಲಿ ಸುತ್ತಾಡಿದ ಬುಕಾನನ್ ಬರೆದಿಟ್ಟಿದ್ದಾನೆ. ವಿಲಾಯಿತಿಯವರು ಕರೆದ 'ವೂಟ್ಸ್' ನಮ್ಮ 'ಉಕ್ಕು' ಪದದಿಂದಲೇ ಬಂತೆಂದು ಹಲವು ವಿದ್ವಾಂಸರ ಮಾತು. ಆದರೆ ಇಲ್ಲಿ ತಿದಿ ಒತ್ತಿದ್ದು ಆಳಿನ ಕೈಕಾಲು. ಅಲ್ಲಿ ಆ ಕೆಲಸ ಹೊಳೆಯ ಪಾಲಾಯ್ತು.

ಹಾಗಂತ ಆಳು ಸುಖವಾಗಿದ್ದನೇ? ಎಲ್ಲಿ ಬಂತು! ಕೆರೆ ಬತ್ತಿದರೆ ಕೆಲಸ ನಿಂತಿತು, ಕೂಲಿಯೂ ನಿಂತಿತು. ಅದಕ್ಕೇ ಆಬಿಡೇಲ್‌ನಲ್ಲಿ 1855ರಲ್ಲಿ ಹಬೆ ಯಂತ್ರ ಇಟ್ಟರು. ಶೆಫೀಲ್ಡ್‌ನ ಸಾಣೆಯವರ ಗತಿ ಇನ್ನೂ ಕೆಟ್ಟದ್ದು. ಕಲ್ಲಿನ ಧೂಳು ಕುಡಿದು ಕುಡಿದು ಶ್ವಾಸಕೋಶ ಹಾಳು. ನೀರಿಲ್ಲದ ಒಣ ಸಾಣೆಯಲ್ಲಿ ಫೋರ್ಕ್ ಉಜ್ಜುವವರು ನಡುವಯಸ್ಸು ಕಾಣುವ ಮೊದಲೇ ಸಾಯುತ್ತಿದ್ದರು. ತಿರುಗುವ ಕಲ್ಲು ಸಿಡಿದು ಸತ್ತವರೂ ಉಂಟು. 1842ರಲ್ಲಿ ಕಾರ್ಮಿಕ ಸಂಘದ ಜಗಳಕ್ಕೆ ಆಬಿಡೇಲ್‌ನ ಸಾಣೆಮನೆಗೇ ಮದ್ದಿಟ್ಟು ಸಿಡಿಸಿದ್ದರು.

1933ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಇನ್ನೇನು, ಗುಜರಿಗೆ ಹೋಗಬೇಕಿತ್ತು. ಹಾಗಾಗಲಿಲ್ಲ. ಊರಿನ ದಾನಿ ಜೆ.ಜಿ. ಗ್ರೇವ್ಸ್ ಅವರ ಟ್ರಸ್ಟ್ ಅದನ್ನು ಕೊಂಡು ನಗರಸಭೆಗೆ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಉಕ್ಕು ಸಾಲದೆ ಹೋದಾಗ ಹಳೇ ಕುಲುಮೆಗೇ ಮತ್ತೆ ಬೆಂಕಿ ಹಾಕಿದರು! 1970ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಕೆರೆ, ಚಕ್ರ, ಸುತ್ತಿಗೆ, ಆಳುಗಳ ಮನೆ, ಎಲ್ಲವೂ ಒಂದೇ ಕಡೆ ಉಳಿದವು.

ಏರಿ, ತೂಬು, ಹೂಳು ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಂತುಹೋದ ಕೆರೆಯನ್ನು ಸೈಟು ಮಾಡಿ ಮಾರೋದಕ್ಕೆ ಒಂದು ದಿನ ಸಾಕು. ದುಡಿದವನ ಬೆವರಿನ ಗುರುತು ಉಳಿಸೋದಕ್ಕೆ ಊರಿಗೆ ಊರೇ ಮನಸ್ಸು ಮಾಡಬೇಕು.