ಮುದ್ರಣಯಂತ್ರಕ್ಕೊಂದು ವಿಳಾಸ

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣಾಲಯವೊಂದನ್ನು ತೆರೆದಾಗ ಅವರ ಬಳಿ ಇದ್ದುದು ಕಲ್ಲಚ್ಚಿನ ಯಂತ್ರ. ಅಚ್ಚುಮೊಳೆಗಳು ಬಂದದ್ದು ಆ ಬಳಿಕ. ಅಂದಿನಿಂದ ಬಹುಕಾಲ ಮುದ್ರಣವೆಂದರೆ ಮೊಳೆ ಜೋಡಿಸುವವರು, ಕರಡು ತಿದ್ದುವವರು, ಯಂತ್ರ ನಡೆಸುವವರು ಸೇರಿ ಮಾಡುವ ಕೆಲಸವಾಗಿತ್ತು. ಇಂದು ಮನೆಯ ಕಪಾಟಿನ ಮೇಲೆ ಕುಳಿತ ಪುಟ್ಟ ಪೆಟ್ಟಿಗೆಯೊಂದು ಪರೀಕ್ಷೆಯ ಪ್ರವೇಶಪತ್ರವನ್ನೋ ಹೊಲದ ಪಹಣಿಯನ್ನೋ ಅರೆಗಳಿಗೆಯಲ್ಲಿ ಅಚ್ಚುಮಾಡಿ ಕೊಡುತ್ತದೆ. ಅದಕ್ಕೂ ಕಂಪ್ಯೂಟರಿಗೂ ನಡುವೆ ಒಂದು ತಂತಿಯೂ ಇರಬೇಕಾಗಿಲ್ಲ.

ಆದರೆ ಈ ಸೌಕರ್ಯ ಕೈಕೊಡುವುದೂ ಉಂಟು. ನಾಳೆ ಬೆಳಗ್ಗೆ ಪರೀಕ್ಷೆ. ಇಂದು ರಾತ್ರಿಯೇ ಪ್ರವೇಶಪತ್ರ ಬೇಕು. ಊರಿನ ಜೆರಾಕ್ಸ್ ಅಂಗಡಿ ಮುಚ್ಚಿದೆ. ಪ್ರಿಂಟರಿನ ದೀಪ ಉರಿಯುತ್ತಿದೆ, ಹಾಳೆ ಇದೆ, ಮಸಿಯೂ ಇದೆ. ಆದರೂ ಫೋನಿನ ತೆರೆಯ ಮೇಲೆ ಪ್ರಿಂಟರ್ ಸಿಗುತ್ತಿಲ್ಲವೆಂಬ ಒಂದೇ ಸಾಲು ಮೂಡುತ್ತದೆ. ಕಣ್ಣೆದುರಿಗೇ ಇರುವ ಯಂತ್ರ ಫೋನಿಗೆ ಕಾಣದಿರುವುದೇಕೆ? ಇದನ್ನು ಅರಿಯಲು ಆ ಎರಡು ಯಂತ್ರಗಳು ಒಂದನ್ನೊಂದು ಗುರುತಿಸುವ ಬಗೆಯನ್ನು ತಿಳಿಯಬೇಕು.

ಮನೆಬಳಕೆಯ ಬಹುತೇಕ ಪ್ರಿಂಟರುಗಳಿಗೆ ಅಕ್ಷರಜ್ಞಾನವಿಲ್ಲ. ಅವು ಬಲ್ಲದ್ದು ಚುಕ್ಕಿಯನ್ನು ಮಾತ್ರ. ಕಂಪ್ಯೂಟರು ಅಥವಾ ಫೋನು ಇಡೀ ಪುಟವನ್ನು ಚುಕ್ಕಿಗಳ ಸಾಲುಗಳಾಗಿ ಒಡೆದು, ಎಲ್ಲಿ ಮಸಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದನ್ನು ತಿಳಿಸುತ್ತದೆ. ಅಂಗುಲಕ್ಕೆ 600 ಚುಕ್ಕಿಗಳಂತೆ ಒಡೆದರೆ ಎ-4 ಅಳತೆಯ ಒಂದು ಹಾಳೆಯಲ್ಲಿ ಸುಮಾರು ಮೂರೂವರೆ ಕೋಟಿ ಚುಕ್ಕಿಗಳಾಗುತ್ತವೆ. ಮೊಳೆ ಜೋಡಿಸುವವರನ್ನು ಕಾಡುತ್ತಿದ್ದ ಒತ್ತು, ಕೊಂಬು, ದೀರ್ಘಗಳು ಇಲ್ಲಿ ತೊಡಕೇ ಅಲ್ಲ. ‘ಸ್ತ್ರೀ’ ಎಂಬುದೂ ‘ಅ’ ಎಂಬುದೂ ಯಂತ್ರದ ಪಾಲಿಗೆ ಚುಕ್ಕಿಗಳ ಬೇರೆಬೇರೆ ರಾಶಿಗಳಷ್ಟೆ. ಕಷ್ಟವಿರುವುದು ಆ ರಾಶಿಯನ್ನು ತಂತಿಯ ನೆರವಿಲ್ಲದೆ ಸರಿಯಾದ ಪೆಟ್ಟಿಗೆಗೆ ಮುಟ್ಟಿಸುವುದರಲ್ಲಿ.

ಈ ಸಾಗಣೆಯ ಕೆಲಸ ರೇಡಿಯೊ ಅಲೆಗಳದು. ಮನೆಯಲ್ಲಿರುವ ರೂಟರ್ ಎಂಬ ಉಪಕರಣ ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುವ ಅಲೆಗಳನ್ನು ಹೊರಡಿಸುತ್ತದೆ. ಇವುಗಳ ಉದ್ದ ಹನ್ನೆರಡೂವರೆ ಸೆಂಟಿಮೀಟರು. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳು ಈ ಅಲೆಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದೆಂಬ ನಿಯಮ 2005ರಲ್ಲಿ ಬಂದಿತು. ಹೊಸ ರೂಟರುಗಳು ಸೆಕೆಂಡಿಗೆ 500 ಕೋಟಿಗೂ ಮಿಕ್ಕಿ ಕಂಪಿಸುವ ಇನ್ನೊಂದು ಬಗೆಯ ಅಲೆಗಳನ್ನೂ ಹೊರಡಿಸುತ್ತವೆ. ಈ ಅಲೆಗಳು ಹೆಚ್ಚು ವಾರ್ತೆಯನ್ನು ಹೊರಬಲ್ಲವಾದರೂ ಗೋಡೆಗಳನ್ನು ದಾಟುವಾಗ ಬೇಗನೆ ಸೊರಗುತ್ತವೆ. ಪ್ರಿಂಟರುಗಳಲ್ಲಿ ಅನೇಕವು ಮೊದಲನೆಯ ಬಗೆಯ ಅಲೆಯನ್ನು ಮಾತ್ರ ಬಲ್ಲವು. ರೂಟರು ಎರಡು ಅಲೆಪಟ್ಟಿಗಳಿಗೆ ಎರಡು ಹೆಸರುಗಳನ್ನಿಟ್ಟಿದ್ದರೆ ಇಂಥ ಪ್ರಿಂಟರಿಗೆ ಮೊದಲನೆಯದನ್ನೇ ತೋರಿಸಬೇಕು. ಪ್ರಿಂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡದಿರುವುದೂ ಒಳ್ಳೆಯದು. ಲೋಹ ಅಲೆಯನ್ನು ತಡೆಯುತ್ತದೆ.

ಯಾವ ಉಪಕರಣವೇ ಆಗಲಿ, ಮನೆಯ ಜಾಲವನ್ನು ಸೇರಬೇಕಾದರೆ ಅದರ ಹೆಸರನ್ನೂ ಗುಪ್ತಪದವನ್ನೂ ತಿಳಿದಿರಬೇಕು. ತೆರೆಯುಳ್ಳ ಪ್ರಿಂಟರಿನಲ್ಲಿ ಇವನ್ನು ಬೆರಳಿನಿಂದ ಒತ್ತಿ ಬರೆಯಬಹುದು. ತೆರೆಯಿಲ್ಲದ ಅಗ್ಗದ ಯಂತ್ರಕ್ಕೆ ಗುಪ್ತಪದವನ್ನು ಹೇಳುವುದೆಂತು? ಒಂದು ಉಪಾಯವಿದೆ. ಯಂತ್ರವು ಆರಂಭದಲ್ಲಿ ಸ್ವಲ್ಪ ಹೊತ್ತು ತನ್ನದೇ ಒಂದು ಚಿಕ್ಕ ಜಾಲವನ್ನು ಹರಡುತ್ತದೆ. ಫೋನು ಅದನ್ನು ಸೇರಿ ಮನೆಯ ಗುಪ್ತಪದವನ್ನು ಒಪ್ಪಿಸಿದೊಡನೆ ಯಂತ್ರವು ಮನೆಯ ಜಾಲಕ್ಕೆ ಬಂದು ಸೇರುತ್ತದೆ. ಇನ್ನೊಂದು ಉಪಾಯ ಗುಂಡಿಯದು. ರೂಟರಿನ ಗುಂಡಿಯೊತ್ತಿ ಎರಡು ನಿಮಿಷಗಳೊಳಗೆ ಪ್ರಿಂಟರಿನ ಗುಂಡಿಯನ್ನೂ ಒತ್ತಿದರೆ ರೂಟರು ತಾನೇ ಗುಪ್ತಪದವನ್ನು ಅದಕ್ಕೆ ತಿಳಿಸುತ್ತದೆ.

ಈ ಗುಂಡಿಯ ಏರ್ಪಾಟಿನೊಡನೆ ಎಂಟು ಅಂಕೆಗಳ ಸಂಖ್ಯೆಯೊಂದರಿಂದ ಜಾಲ ಸೇರುವ ಮತ್ತೊಂದು ದಾರಿಯನ್ನೂ ಇಡಲಾಗಿತ್ತು. ಕೊನೆಯ ಅಂಕೆ ಹಿಂದಿನ ಏಳು ಅಂಕೆಗಳಿಂದ ಲೆಕ್ಕಹಾಕಿ ಬರುವಂಥದು. ಆದುದರಿಂದ ಕಳ್ಳನೊಬ್ಬ ಊಹಿಸಬೇಕಾದ ಸಂಖ್ಯೆಗಳು ಒಂದು ಕೋಟಿ. ಅದು ಸಾಕಷ್ಟು ಭದ್ರವೆಂದೇ ತೋರುತ್ತಿತ್ತು. ಆದರೆ ರೂಟರು ಸಂಖ್ಯೆಯನ್ನು ಎರಡು ತುಂಡುಗಳಾಗಿ ಪರೀಕ್ಷಿಸಿ, ಮೊದಲ ನಾಲ್ಕು ಅಂಕೆಗಳು ತಪ್ಪಾದರೆ ಅಲ್ಲಿಯೇ ತಿಳಿಸಿಬಿಡುತ್ತಿತ್ತು. ಹೀಗಾಗಿ ಮೊದಲ ತುಂಡಿಗೆ ಹೆಚ್ಚೆಂದರೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಊಹೆಗಳೇ ಸಾಕಾಗುತ್ತಿದ್ದವು. ಒಂದು ಕೋಟಿಯ ಕೋಟೆ ಹನ್ನೊಂದು ಸಾವಿರಕ್ಕೆ ಕುಸಿದಿತ್ತು! 2011ರಲ್ಲಿ ಈ ದೋಷ ಬಯಲಾಯಿತು. ಹಳೆಯ ರೂಟರಿರುವ ಮನೆಗಳಲ್ಲಿ ಈ ಸಂಖ್ಯೆಯ ದಾರಿಯನ್ನು ಮುಚ್ಚಿಡುವುದು ಲೇಸು.

ಜಾಲವನ್ನು ಸೇರಿದ ಯಂತ್ರಕ್ಕೆ ರೂಟರು ಒಂದು ವಿಳಾಸವನ್ನು ಕೊಡುತ್ತದೆ. 192.168.1.7 ಎಂಬಂತೆ ನಾಲ್ಕು ಸಂಖ್ಯೆಗಳಿಂದಾದ ವಿಳಾಸವದು. 192.168 ಎಂದು ಮೊದಲಾಗುವ ವಿಳಾಸಗಳನ್ನು ಒಳಬಳಕೆಗೆಂದೇ ಮೀಸಲಿಟ್ಟಿರುವುದರಿಂದ ಅವು ಲಕ್ಷಾಂತರ ಮನೆಗಳಲ್ಲಿ ಒಂದೇ ಆಗಿರುತ್ತವೆ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಒಂದನೆಯ ಅಡ್ಡರಸ್ತೆ ಇರುವಂತೆಯೇ ಇದು; ಬಡಾವಣೆಯೊಳಗೆ ಯಾರಿಗೂ ಗೊಂದಲವಿಲ್ಲ. ಆದರೆ ಈ ವಿಳಾಸ ಯಂತ್ರದ ಸ್ವಂತ ಆಸ್ತಿಯಲ್ಲ, ಅವಧಿಗೆ ಕೊಟ್ಟ ಗೇಣಿ. ಅವಧಿ ಮೀರಿದಾಗಲೋ, ವಿದ್ಯುತ್ತು ಹೋಗಿ ಬಂದಾಗಲೋ ರೂಟರು ಅದೇ ಯಂತ್ರಕ್ಕೆ ಬೇರೊಂದು ವಿಳಾಸವನ್ನು ಕೊಟ್ಟೀತು. ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡ ಕಂಪ್ಯೂಟರು ಆಗ ಖಾಲಿ ಮನೆಯ ಬಾಗಿಲು ತಟ್ಟುತ್ತ ನಿಲ್ಲುತ್ತದೆ. ನೆನ್ನೆಯವರೆಗೆ ಚೆನ್ನಾಗಿದ್ದ ಪ್ರಿಂಟರು ಇಂದು ‘ಕೆಟ್ಟುಹೋಯಿತು’ ಎನ್ನುವ ದೂರುಗಳಲ್ಲಿ ಹಲವು ಹುಟ್ಟುವುದು ಇಲ್ಲಿಯೇ. ಇದಕ್ಕೆ ಪರಿಹಾರ ಸುಲಭ. ಪ್ರತಿಯೊಂದು ಪ್ರಿಂಟರಿಗೂ ಕಾರ್ಖಾನೆಯಲ್ಲಿಯೇ ಕೊಟ್ಟ ಹನ್ನೆರಡು ಚಿಹ್ನೆಗಳ ಗುರುತುಸಂಖ್ಯೆ ಇರುತ್ತದೆ. ಈ ಗುರುತಿನ ಯಂತ್ರಕ್ಕೆ ಇದೇ ವಿಳಾಸವನ್ನು ಕಾದಿರಿಸು ಎಂದು ರೂಟರಿಗೆ ಒಮ್ಮೆ ತಿಳಿಸಿಟ್ಟರೆ ಅದು ಮತ್ತೆ ಬದಲಾಗದು.

ವಿಳಾಸ ತಿಳಿಯದೆಯೂ ಫೋನು ಪ್ರಿಂಟರನ್ನು ಹುಡುಕುವುದುಂಟು. ಹಿಂದೆ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದಂತೆ, ಇಲ್ಲಿ ಅಚ್ಚುಹಾಕುವವರು ಯಾರಿದ್ದೀರಿ ಎಂದು ಫೋನು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಸಾರುತ್ತದೆ. ಪ್ರಿಂಟರು ತನ್ನ ಹೆಸರು, ವಿಳಾಸಗಳನ್ನು ಹೇಳಿ ಓಗೊಡುತ್ತದೆ. ಆಪಲ್ ಸಂಸ್ಥೆ 2002ರಲ್ಲಿ ತನ್ನ ಕಂಪ್ಯೂಟರುಗಳಲ್ಲಿ ಈ ಏರ್ಪಾಟನ್ನು ಬಳಕೆಗೆ ತಂದಿತು. ಈ ಡಂಗುರ ಮನೆಯ ಜಾಲದ ಎಲ್ಲೆಯನ್ನು ದಾಟುವುದಿಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು.

ಪರೀಕ್ಷೆಯ ಹಿಂದಿನ ರಾತ್ರಿ ಸಿಗದೆ ಹೋದ ಪ್ರಿಂಟರಿನ ಒಗಟು ಈಗ ಬಿಡಿಸಬರುತ್ತದೆ. ಫೋನು ಮನೆಯ ಜಾಲವನ್ನು ಬಿಟ್ಟು ಮೊಬೈಲ್ ಕಂಪನಿಯ ಜಾಲಕ್ಕೆ ಸರಿದಿದ್ದರೆ ಅದರ ಕೂಗು ಪ್ರಿಂಟರನ್ನು ಮುಟ್ಟದು. ಅತಿಥಿಗಳಿಗೆಂದು ರೂಟರಿನಲ್ಲಿ ಬೇರೆ ಜಾಲವಿದ್ದು ಫೋನು ಅದನ್ನು ಸೇರಿದ್ದರೆ ಆಗಲೂ ಹೀಗೆಯೇ. ಅತಿಥಿಗಳು ಒಳಮನೆಯ ಯಂತ್ರಗಳನ್ನು ಮುಟ್ಟದಂತೆ ರೂಟರು ತಡೆಯುತ್ತದೆ. ಮನೆಯವರು ಗುಪ್ತಪದವನ್ನು ಬದಲಾಯಿಸಿ ಫೋನಿಗೆ ಮಾತ್ರ ತಿಳಿಸಿ, ಪ್ರಿಂಟರನ್ನು ಮರೆತಿರಲೂಬಹುದು. ನಿಜಸ್ಥಿತಿಯನ್ನು ಪ್ರಿಂಟರಿನಿಂದಲೇ ಕೇಳಿ ತಿಳಿಯಬಹುದು: ಬಹುಪಾಲು ಯಂತ್ರಗಳು ಜಾಲದ ವಿವರವನ್ನು ಒಂದು ಹಾಳೆಯಲ್ಲಿ ತಾವೇ ಮುದ್ರಿಸಿ ಕೊಡುತ್ತವೆ. ಅದರಲ್ಲಿ ವಿಳಾಸವು 169.254 ಎಂದು ಮೊದಲಾಗಿದ್ದರೆ, ರೂಟರಿನಿಂದ ಏನೂ ದೊರೆಯದೆ ಯಂತ್ರವು ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ಆಗ ಅದನ್ನು ಮೊದಲಿನಿಂದ ಜಾಲಕ್ಕೆ ಸೇರಿಸಬೇಕು. ವಿಳಾಸ ಸರಿಯಿದ್ದರೆ ಹುಡುಕಬೇಕಾದುದು ಫೋನಿನ ತಪ್ಪನ್ನು. ಈ ಒಂದು ಹಾಳೆಯನ್ನು ನೋಡದೆ ಯಂತ್ರವನ್ನು ರಿಪೇರಿಗೆ ಒಯ್ಯುವವರೂ ಉಂಟು.

ಪ್ರಿಂಟರನ್ನು ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಇನ್ನೊಂದು ಕೆಲಸ ಉಳಿದಿರುತ್ತದೆ. ಮನೆಯ ಜಾಲದ ಹೆಸರೂ ಗುಪ್ತಪದವೂ ಅದರ ನೆನಪಿನಲ್ಲಿ ಹಾಗೆಯೇ ಇರುತ್ತವೆ. ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಆಜ್ಞೆಯನ್ನು ಕೊಟ್ಟು, ಅವನ್ನು ಅಳಿಸಿದ ಬಳಿಕವೇ ಅದನ್ನು ಹೊಸಿಲು ದಾಟಿಸಬೇಕು.