ಹಳೆಯ ಅತಿಥಿಗೂ ಒಂದು ಎಲೆ

ಜಾಲತಾಣವನ್ನು ತೆರೆದೊಡನೆ ತಲೆಬರಹ, ಚಿತ್ರ, ಅಂಕಣಗಳು ತಮ್ಮ ತಮ್ಮ ಸ್ಥಾನದಲ್ಲಿ ಒಪ್ಪವಾಗಿ ಕುಳಿತಿರುವುದನ್ನು ಕಂಡು, ಅದು ತಾನಾಗಿ ಆದುದೆಂದೇ ನಾವು ಭಾವಿಸುತ್ತೇವೆ. ಪುಟಕ್ಕೆ ಈ ರೂಪವನ್ನು ಕೊಡುವ ಬರವಣಿಗೆಗೆ 'ಥೀಮ್' ಎಂದು ಹೆಸರು. ಅದನ್ನು ಓದಿ ತೆರೆಯ ಮೇಲೆ ಮೂಡಿಸುವುದು ಬ್ರೌಸರು. ಅಡಿಗೆ ಒಂದೇ ಆದರೂ ಪಂಕ್ತಿಯಲ್ಲಿ ಕುಳಿತವರೆಲ್ಲರ ಹಲ್ಲು ಒಂದೇ ಅಲ್ಲವಷ್ಟೆ!

ಇಂಥ ಹಲ್ಲಿಲ್ಲದ ಅತಿಥಿಗಳಲ್ಲಿ ಹೆಸರಾದುದು ಮೈಕ್ರೋಸಾಫ್ಟ್ ಸಂಸ್ಥೆ ೨೦೦೧ರಲ್ಲಿ ಹೊರತಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ೬. ಮುಂದಿನ ಆವೃತ್ತಿ ಬಂದುದು ೨೦೦೬ರಲ್ಲಿ. ಅಷ್ಟರೊಳಗೆ ಅದು ಕಚೇರಿಗಳಲ್ಲಿ ಬೇರು ಬಿಟ್ಟಿತ್ತು. ಅದನ್ನು ಬದಲಿಸುವ ಅಧಿಕಾರ ಗುಮಾಸ್ತನಿಗೆಲ್ಲಿ? ಹಿನ್ನೆಲೆ ಪಾರದರ್ಶಕವಾಗಿರಬೇಕಾದ ಚಿತ್ರದ ಸುತ್ತ ಬೂದುಬಣ್ಣ ಬಳಿಯುವುದು, ಒಂದು ಪಾಲು ಅಂಚು ಬಿಡೆಂದರೆ ಎರಡು ಪಾಲು ಬಿಡುವುದು—ಇಂಥವು ಅದರ ಲೀಲೆಗಳು. ಥೀಮ್ ಬರೆಯುವವರು ಅದಕ್ಕೆಂದೇ ಗುಟ್ಟಿನ ಓಲೆಯೊಂದನ್ನು ಸೇರಿಸತೊಡಗಿದರು. ಉಳಿದ ಬ್ರೌಸರುಗಳು ಬರಿಯ ಟಿಪ್ಪಣಿಯೆಂದು ದಾಟಿಹೋಗುವ ಆ ಸಾಲುಗಳನ್ನು ಎಕ್ಸ್‌ಪ್ಲೋರರಿನ ೫ರಿಂದ ೯ರವರೆಗಿನ ಆವೃತ್ತಿಗಳು ಮಾತ್ರ ಓದಿ, ಒಳಗಿನ ವಿಶೇಷ ಸೂಚನೆಗಳನ್ನು ಪಾಲಿಸುತ್ತಿದ್ದವು.

ಇದಕ್ಕಿಂತ ಸ್ವಾರಸ್ಯದ ಉಪಾಯ ಇನ್ನೊಂದಿತ್ತು. ಎಚ್‌ಟಿಎಂಎಲ್ ೫ ತಂದ 'ಆರ್ಟಿಕಲ್', 'ಸೆಕ್ಷನ್' ಮೊದಲಾದ ಹೊಸ ಅಂಗಗಳಿಗೆ ಎಂಟನೆಯ ಆವೃತ್ತಿಯೂ ಅಲಂಕಾರ ಮಾಡಲೊಲ್ಲದು. ಆದರೆ ಜಾವಾಸ್ಕ್ರಿಪ್ಟಿನಲ್ಲಿ ಆ ಹೆಸರಿನ ಅಂಗವೊಂದನ್ನು ಒಮ್ಮೆ ಸೃಷ್ಟಿಸಿಬಿಟ್ಟರೆ ಸಾಕು, ಹಳೆಯ ಪರಿಚಯದವರಂತೆ ಒಪ್ಪಿಕೊಂಡುಬಿಡುತ್ತಿತ್ತು! ವರ್ಡ್‌ಪ್ರೆಸ್ಸಿನ 'ಟ್ವೆಂಟಿ ಇಲೆವೆನ್' ಥೀಮಿನಲ್ಲಿ ಈ ಉಪಾಯವನ್ನು ಗುಟ್ಟಿನ ಓಲೆಯೊಳಗೇ ಇರಿಸಿದ್ದರು.

೨೦೧೨ರಲ್ಲಿ ಬಂದ ಹತ್ತನೆಯ ಆವೃತ್ತಿ ಆ ಓಲೆಯನ್ನು ಓದುವುದನ್ನೇ ಬಿಟ್ಟಿತು. ಹೆಸರು ಕೇಳಿ ಗುರುತಿಸೋಣವೆಂದರೆ ಕ್ರೋಮ್, ಸಫಾರಿಗಳೂ 'ಮೊಜಿಲ್ಲಾ' ಎಂದೇ ಪರಿಚಯ ಹೇಳಿಕೊಳ್ಳುತ್ತವೆ. ಆದುದರಿಂದ ಹೆಸರನ್ನು ಬಿಟ್ಟು ಸಾಮರ್ಥ್ಯವನ್ನು ಕೇಳುವುದೇ ಲೇಸು: ಮೊದಲು ಎಲ್ಲರಿಗೂ ಸರಳ ವಿನ್ಯಾಸ, ಬಳಿಕ, ಬಲ್ಲವರಿಗೆ ಮಾತ್ರ, 'ಸಪೋರ್ಟ್ಸ್' ಎಂಬ ನಿಯಮದೊಳಗೆ ಹೊಸ ವಿನ್ಯಾಸ. ಅಲಂಕಾರದ ಭಾಷೆಯಾದ ಸಿಎಸ್‌ಎಸ್‌ನಲ್ಲಿ ತನಗೆ ತಿಳಿಯದ ಸಾಲನ್ನು ಬ್ರೌಸರು ಮೌನವಾಗಿ ದಾಟುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಹಾಗಲ್ಲ, ಅರಿಯದ ವ್ಯಾಕರಣ ಒಂದೇ ಒಂದೆಡೆ ಕಂಡರೂ ಆ ಇಡೀ ಕಡತವೇ ನಿಂತುಹೋಗುತ್ತದೆ.

ವರ್ಡ್‌ಪ್ರೆಸ್ ೨೦೨೧ರಲ್ಲಿ ಎಕ್ಸ್‌ಪ್ಲೋರರಿನ ಹನ್ನೊಂದನೆಯ ಆವೃತ್ತಿಗೂ ಬಾಗಿಲು ಹಾಕಿತು. ೨೦೨೨ರ ಜೂನ್ ೧೫ರಂದು ಮೈಕ್ರೋಸಾಫ್ಟೇ ಅದನ್ನು ನಿವೃತ್ತಿಗೊಳಿಸಿತು. ಕಥೆ ಸುಖಾಂತವೆನ್ನೋಣವೇ? ಹಳೆಯ ಅತಿಥಿಗಳು ಈಗ ಫೋನಿನಲ್ಲಿ ಬರುತ್ತಾರೆ. ಆಂಡ್ರಾಯ್ಡ್ ೭ರ ಫೋನುಗಳಿಗೆ ಕ್ರೋಮಿನ ೧೧೯ನೆಯ ಆವೃತ್ತಿಯೇ ಕೊನೆಯದು. ವರ್ಷ ಕಳೆದಂತೆ ಅದು ಹಿಂದುಳಿಯುತ್ತಲೇ ಹೋಗುತ್ತದೆ. ಮಗ ಹೊಸ ಫೋನು ಕೊಂಡು ಹಳೆಯದನ್ನು ತಾಯಿಯ ಕೈಗೆ ಕೊಡುವುದು ನಮ್ಮ ಮನೆಗಳ ರೂಢಿ. ಪುಟ ಬಿಳಿಯಾಗಿಯೇ ನಿಂತರೆ ಆಕೆ ಥೀಮನ್ನು ದೂರುವುದಿಲ್ಲ. ತನಗೇ ಫೋನು ಬಳಸಲು ಬಾರದೆಂದುಕೊಂಡು ಅದನ್ನು ಸುಮ್ಮನೆ ಕೆಳಗಿಡುತ್ತಾಳೆ.